ಝೆಲ್ಲರ್ ನೋಟ್‌ಬುಕ್: ಆರನೇ ವಾರ

ಈ ವಾರ, ವೋಲ್ಫ್‌ಗಾಂಗ್ ಝೆಲ್ಲರ್ ಸಂಗೀತ ಕೊಟ್ಟ ಜರ್ಮನ್ ಚಿತ್ರ ‘ಪ್ರಿನ್ಸ್ ಅಹ್ಮದ್’ ಮುಗಿಯಿತು. ಐದು ಅಂಕ, ಸುಮಾರು 65 ನಿಮಿಷ. ಸಂಗೀತ ಎಲ್ಲಿ ತಿರುಗುತ್ತದೆ, ಎಲ್ಲಿ ತಗ್ಗುತ್ತದೆ ಎಂದು ನಿಮಿಷ, ಸೆಕೆಂಡು ಸಮೇತ ಬರೆದಿಟ್ಟಿದ್ದೇನೆ. 18 ಪುಟ ತುಂಬಿತು.

ಹೊಸಬರಿಗೆ ಒಂದು ಮಾತು. ಝೆಲ್ಲರ್ (1893–1967) ಮೊದಲು ಪಿಟೀಲು ನುಡಿಸುತ್ತಿದ್ದವರು. 1920ರ ದಶಕದಲ್ಲಿ ಬರ್ಲಿನ್ನಿನ ಫೋಕ್ಸ್‌ಬ್ಯೂನೆ ರಂಗಮಂದಿರಕ್ಕೆ ಸಂಗೀತ ಬರೆದರು, ಅಲ್ಲಿನ ವಾದ್ಯವೃಂದವನ್ನೂ ನಡೆಸಿದರು. ಆಮೇಲೆ ಪೂರ್ತಿ ಸಿನಿಮಾ. ಅವರ ಚಿತ್ರಗಳನ್ನು ಒಂದೊಂದಾಗಿ ಕಿವಿಗೊಟ್ಟು ನೋಡುತ್ತಿದ್ದೇನೆ.

ಅಹ್ಮದ್ ಚಿತ್ರಕ್ಕೆ ಎರಡು ವಾರ ಬೇಕಾಯಿತು. ಅದಕ್ಕೆ ಕಾರಣ ಇದೆ. ಲೊಟ್ಟೆ ರೈನಿಗರ್ ಕತ್ತರಿಯಲ್ಲಿ ಕತ್ತರಿಸಿದ ನೆರಳು ಗೊಂಬೆಗಳನ್ನು ಕೂದಲೆಳೆಯಷ್ಟು ಜರುಗಿಸುತ್ತಾ, ಒಂದೊಂದೇ ಚಿತ್ರವಾಗಿ ತೆಗೆದ ಸಿನಿಮಾ ಅದು. 1923ರಿಂದ 1926ರವರೆಗೆ ಇದೇ ಕೆಲಸ! ಸಂಗೀತವನ್ನು ಕೊನೆಗೆ ತಂದು ಅಂಟಿಸಲಿಲ್ಲ, ಚಿತ್ರದ ಜೊತೆಜೊತೆಗೇ ಬೆಳೆಸಿದರು. ವಾದ್ಯಗಾರರು ಕಥೆಯ ಜಾಡು ತಪ್ಪದಿರಲಿ ಎಂದು ರೈನಿಗರ್ ದೃಶ್ಯಗಳ ಪುಟ್ಟ ಚಿತ್ರಗಳನ್ನೂ ಮಾಡಿಕೊಟ್ಟಿದ್ದರು. 1926ರ ಮೇ 2ರಂದು ಮೊದಲ ಪ್ರದರ್ಶನ ಆದದ್ದೂ ಅದೇ ಫೋಕ್ಸ್‌ಬ್ಯೂನೆಯಲ್ಲಿ.

ಮೊದಲ ಸಲ ನೋಡಿದಾಗ ಗೊಂಬೆಗಳ ಚೆಂದಕ್ಕೆ ಮರುಳಾಗಿ ಸಂಗೀತವನ್ನೇ ಮರೆತೆ. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಕುಳಿತೆ. ಯಾರೋ ಒಳಗೆ ಬಂದರು, ಯಾರೋ ಹೊರಟರು ಅನ್ನುವುದು ಸುಮ್ನೆ ಕೇಳಿದರೇ ಗೊತ್ತಾಗುತ್ತಿತ್ತು. ರಂಗಮಂದಿರದಲ್ಲಿ ನಟರ ಹೆಜ್ಜೆ ನೋಡಿಕೊಂಡು ಸಂಗೀತ ಎತ್ತಿಕೊಡುತ್ತಿದ್ದ ಕೈ ಅಲ್ವಾ ಅದು! ಈ ವಾರ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ.

1932ರ ‘ವ್ಯಾಂಪೈರ್’ ಅರ್ಧ ಆಗಿದೆ. ಡೆನ್ಮಾರ್ಕಿನ ನಿರ್ದೇಶಕ ಡ್ರೈಯರ್ ಅವರ ಚಿತ್ರ, ಮಾತು ತೀರಾ ಕಡಿಮೆ. ಅದರ ಬಗ್ಗೆ ಮುಂದಿನ ವಾರ.

ಪಟ್ಟಿಯಲ್ಲಿ ಮುಂದೆ ‘ಯೂದ್ ಜ್ಯೂಸ್’ ಇದೆ. 1940ರಲ್ಲಿ ನಾಜಿ ಪ್ರಚಾರ ಮಂತ್ರಿ ಗೋಬೆಲ್ಸ್ ಮಾಡಿಸಿದ, ಯಹೂದಿಗಳ ಮೇಲೆ ದ್ವೇಷ ಹಬ್ಬಿಸಿದ ಚಿತ್ರ. ಅದಕ್ಕೂ ಸಂಗೀತ ಝೆಲ್ಲರ್ ಅವರದ್ದೇ. ಇದನ್ನು ಬಿಟ್ಟುಬಿಡೋಣ ಎಂದು ಎರಡು ದಿನ ಅನ್ನಿಸಿತು. ಬಿಡುವುದಿಲ್ಲ. ಬಿಟ್ಟರೆ ಈ ನೋಟ್‌ಬುಕ್ ಸುಳ್ಳಾಗುತ್ತದೆ. ಏಳು ವರ್ಷದ ನಂತರ, 1947ರಲ್ಲಿ, ‘ಏಹೆ ಇಮ್ ಷಾಟನ್’ (ನೆರಳಿನಲ್ಲಿ ದಾಂಪತ್ಯ) ಎಂಬ ಚಿತ್ರ ಬಂತು. ನಟ ಯೋವಾಖಿಮ್ ಗಾಟ್‌ಶಾಲ್ಕ್, ಅವರ ಯಹೂದಿ ಹೆಂಡತಿ ನಾಜಿಗಳ ಕಾಟ ತಾಳಲಾರದೆ 1941ರಲ್ಲಿ ಮಗನೊಂದಿಗೆ ಸಾವಿಗೆ ಶರಣಾಗಿದ್ದರು. ಅವರ ಬದುಕಿನ ಎಳೆ ಹಿಡಿದ ಚಿತ್ರ ಅದು. ಅದಕ್ಕೂ ಇವರದೇ ಸಂಗೀತ.

ಎರಡು ಚಿತ್ರಗಳಿಗೂ ಎದುರುಬದುರು ಪುಟಗಳನ್ನು ಖಾಲಿ ಬಿಟ್ಟಿದ್ದೇನೆ.