ತುದಿಗೆ ಹೋಗದ ದಾರಿ

ಮೈಸೂರಿನಿಂದ ಬಂದಿರುವ ಚಿಕ್ಕಪ್ಪನವರಿಗೆ ಬೆಟ್ಟವೆಂದರೆ ತುದಿ ಮುಟ್ಟಲೇಬೇಕು. ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಅಭ್ಯಾಸವನ್ನು, ಮಂಡಿನೋವು ಶುರುವಾದ ಮೇಲೆ ಒಲ್ಲದ ಮನಸ್ಸಿನಿಂದ ಬಿಟ್ಟವರು ಅವರು. ಹೀಗಾಗಿ ಕಳೆದ ಶನಿವಾರ, ನ್ಯೂಜಿಲೆಂಡಿನ ತರನಾಕಿ ಪರ್ವತದ ಡಾಸನ್ ಫಾಲ್ಸ್ ಬದಿಯಲ್ಲಿ ಕಾರು ನಿಲ್ಲಿಸಿ, ವಿಲ್ಕೀಸ್ ಪೂಲ್ಸ್ ಎಂಬ ನೀರಿನ ಹೊಂಡಗಳನ್ನು ನೋಡಿಕೊಂಡು ಬರಲು ಒಂದೂವರೆ ಗಂಟೆ ಸಾಕು ಎಂದು ನಾನು ಹೇಳಿದಾಗ, “ಇಷ್ಟು ದೂರ ಬಂದು ಬುಡ ಸವರಿಕೊಂಡು ಹೋಗುವುದೇನು?” ಎಂದು ಮುಖ ಸಣ್ಣದು ಮಾಡಿದರು. 2,518 ಮೀಟರ್ ಎತ್ತರದ ಆ ಅಗ್ನಿಪರ್ವತದ ತುದಿ ಅಂದು ಮೋಡದೊಳಗಿದ್ದು, ಕಣ್ಣಿಗೂ ಸಿಗಲಿಲ್ಲ.

ದಾರಿ ಚಿಕ್ಕದಾದರೂ ಕಾಡು ಚಿಕ್ಕದಲ್ಲ. ಕಾಮಹಿ ಮರಗಳು ಮೈಯೆಲ್ಲ ತಿರುಚಿಕೊಂಡು ನಿಂತಿವೆ. ಹಿಂದಿನ ಸ್ಫೋಟಗಳಿಗೆ ಸಿಕ್ಕಿದ ಮರಗಳ ಬೊಡ್ಡೆಗಳನ್ನೇ ಆಸರೆ ಮಾಡಿಕೊಂಡು, ಅವುಗಳ ಸುತ್ತ ಬೇರಿಳಿಸಿ ಬೆಳೆದುದರಿಂದ ಈ ಆಕಾರ. ಕಾಂಡಕ್ಕೆ ಬೆರಳು ಒತ್ತಿದರೆ ಪಾಚಿಯಿಂದ ತಣ್ಣನೆಯ ನೀರು ಮಣಿಕಟ್ಟಿನವರೆಗೆ ಇಳಿಯುತ್ತದೆ. ದಾರಿಯ ಕೊನೆಯಲ್ಲಿ, ಹಳೆಯ ಲಾವಾ ಬಂಡೆಯನ್ನು ತೊರೆಯ ಮರಳು, ಹರಳುಗಳು ಉಜ್ಜಿ ಉಜ್ಜಿ ಕೊರೆದ ಹೊಂಡಗಳು; ನೀರು ಒಂದರಿಂದ ಇನ್ನೊಂದಕ್ಕೆ ಇಳಿಯುತ್ತ ಹೋಗುತ್ತದೆ.

ಅಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನಾಂಗದ ಹಿರಿಯ ಮಹಿಳೆಯೊಬ್ಬರು ಮೊಮ್ಮಗನನ್ನು ನೀರಿನಲ್ಲಿ ಆಡಿಸುತ್ತಿದ್ದರು. ಅಪರಿಚಿತರನ್ನು ಮಾತಿಗೆಳೆಯುವುದರಲ್ಲಿ ಚಿಕ್ಕಪ್ಪನವರಿಗೆ ಸಂಕೋಚವೆಂಬುದಿಲ್ಲ, ಪಕ್ಕದಲ್ಲಿ ನಿಂತ ನನಗಷ್ಟೇ ಇರುಸುಮುರುಸು. “ನೀವು ಇಲ್ಲಿಯವರೇ ಅಲ್ಲವೇ, ತುದಿಗೆ ಎಷ್ಟು ಸಲ ಹೋಗಿದ್ದೀರಿ?” ಎಂದು ಕೇಳಿಯೇಬಿಟ್ಟರು. ಆಕೆ ಮಗುವಿನ ಪಾದ ಒರೆಸುತ್ತಲೇ, “ಒಮ್ಮೆಯೂ ಇಲ್ಲ. ಈ ಪರ್ವತ ನಮ್ಮ ಪೂರ್ವಜರು. ನಿಮ್ಮ ಅಜ್ಜನ ತಲೆಯ ಮೇಲೆ ನೀವು ನಿಲ್ಲುತ್ತೀರಾ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಹೇಳುವ ಧಾಟಿಯೂ ಇರಲಿಲ್ಲ. ಊಟವಾಯಿತೇ ಎಂದು ಕೇಳಿದಷ್ಟು ಸಹಜವಾಗಿತ್ತು. ಎಲ್ಲದಕ್ಕೂ ಉತ್ತರವಿರುವ ಚಿಕ್ಕಪ್ಪ ಸುಮ್ಮನಾದರು.

ಪರ್ವತ ಹತ್ತುವುದಕ್ಕೆ ಅಲ್ಲಿ ನಿಷೇಧವೇನಿಲ್ಲ. ತುತ್ತತುದಿಯ ಮೇಲೆ ಮಾತ್ರ ನಿಲ್ಲಬೇಡಿರೆಂದು ಸ್ಥಳೀಯ ಮಾವೋರಿ ಕುಲಗಳು ವಿನಂತಿಸುತ್ತವೆ. ವಿನಂತಿಸುತ್ತಿರುವವರು ಯಾರೆಂದು ನೆನೆದರೆ ಆ ಸೌಜನ್ಯ ಬೆರಗು ಹುಟ್ಟಿಸುತ್ತದೆ. 1865ರಲ್ಲಿ ವಸಾಹತು ಸರ್ಕಾರ ಅವರಿಂದ ಈ ಪರ್ವತವನ್ನು ಮುಟ್ಟುಗೋಲು ಹಾಕಿಕೊಂಡಿತ್ತು. 1770ರಲ್ಲಿ ಹಡಗಿನಿಂದ ಕಂಡು ಕ್ಯಾಪ್ಟನ್ ಕುಕ್ ಇಟ್ಟ ಎಗ್ಮಂಟ್ ಎಂಬ ಹೆಸರು ನಕ್ಷೆಗಳಲ್ಲಿ ಬಹುಕಾಲ ಮೆರೆಯಿತು. 2025ರ ಜನವರಿಯಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಿಂದ ತರನಾಕಿ ಮೌಂಗಾ ಎಂಬ ಹೆಸರೊಂದೇ ಅಧಿಕೃತವಾಯಿತು, ಪರ್ವತಕ್ಕೆ ಕಾನೂನಿನ ಕಣ್ಣಿನಲ್ಲಿ ವ್ಯಕ್ತಿಯ ಸ್ಥಾನವೂ ಸಿಕ್ಕಿತು. ಆಕೆಗಂತೂ ಪರ್ವತ ಹಿರಿಯರೆಂದು ತಿಳಿಯಲು ಕಾಯ್ದೆ ಬೇಕಿರಲಿಲ್ಲ.

ಬೆಟ್ಟವನ್ನು ದೇವರೆಂದು ನಂಬಿದವರು ನಾವೂ ಹೌದು. ಆದರೆ ನಮ್ಮ ಭಕ್ತಿ ಮೇಲೇರಲೇಬೇಕು: ತುದಿಗೊಂದು ಗುಡಿ, ಗುಡಿಗೆ ಮೆಟ್ಟಿಲು, ಮೆಟ್ಟಿಲು ಸಾಲದೆ ರಸ್ತೆ, ರಸ್ತೆಯ ಕೊನೆಗೆ ವಾಹನ ನಿಲ್ದಾಣ. ಮೆಟ್ಟಿಲಿಗೆ ಕುಂಕುಮ ಹಚ್ಚುತ್ತ ಹತ್ತುವವರನ್ನು ಕಂಡು ಬೆಳೆದ ನಾನು ಅದನ್ನು ಹಗುರವಾಗಿ ಕಾಣಲಾರೆ. ಆದರೂ ಗರ್ಭಗುಡಿಯ ಹೊಸ್ತಿಲಲ್ಲಿ ಯಾರೂ ಹೇಳದೆಯೇ ನಿಂತುಬಿಡುವ ನಮಗೆ ಬೆಟ್ಟದ ಹೊಸ್ತಿಲು ಎಲ್ಲಿದೆಯೆಂದು ಹುಡುಕಬೇಕೆಂದೇಕೆ ಅನಿಸಲಿಲ್ಲ? ಕೊಡಗಿನ ದೇವರಕಾಡುಗಳನ್ನು ಉಳಿಸಿಕೊಂಡವರಿಗೆ ಅದು ತಿಳಿದಿತ್ತು. ಬಂಡೆಯ ನೆತ್ತಿಯಲ್ಲಿ ಕೈಚಾಚಿ ನಿಂತು ಫೋಟೊ ತೆಗೆಸಿಕೊಂಡು, ‘ಬೆಟ್ಟವನ್ನು ಗೆದ್ದೆವು’ ಎಂದು ಬರೆದುಕೊಳ್ಳುವ ಈಗಿನ ಚಾರಣಿಗರಿಗಂತೂ ಗುಡಿಯೂ ಬೇಡ, ಹೊಸ್ತಿಲೂ ಬೇಡ. ಗೆಲ್ಲುವುದಕ್ಕೆ ಬೆಟ್ಟ ಅವರೊಡನೆ ಯಾವಾಗ ಜಗಳಕ್ಕೆ ಬಂದಿತ್ತೋ ನನಗೆ ತಿಳಿಯದು.

ನಿನ್ನೆ ರಾತ್ರಿ ಚಿಕ್ಕಪ್ಪ ಮೈಸೂರಿನ ಗೆಳೆಯರೊಬ್ಬರಿಗೆ ಫೋನಿನಲ್ಲಿ, “ತುದಿಗೆ ಹೋಗಲಿಲ್ಲ ಕಣಯ್ಯಾ, ಅಲ್ಲಿ ನಿಲ್ಲಬಾರದು, ಅದು ಇಲ್ಲಿನವರಿಗೆ ಅಜ್ಜನ ತಲೆಯಿದ್ದ ಹಾಗೆ” ಎಂದು ಗಂಭೀರವಾಗಿ ವಿವರಿಸುತ್ತಿದ್ದರು. ಮಂಡಿನೋವಿನ ವಿಷಯವನ್ನು ಮಾತ್ರ ಎತ್ತಲಿಲ್ಲ.