ಧರ್ಮರಾಯ, ಭೀಮ ಮತ್ತು ಕರ್ಣನ ಪಾದ

ಹಾಸನ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಹತ್ತಿರವಾದಂತೆ ಹಳ್ಳಿ ಹಳ್ಳಿಯಲ್ಲೂ ‘ಕುರುಕ್ಷೇತ್ರ’ದ ತಾಲೀಮು ಜೋರಾಗುತ್ತದೆ. ಆ ನಾಟಕದ ತುಂಬ ಅಣ್ಣತಮ್ಮಂದಿರೇ. ಆದರೂ ಬಹಳ ಕಡೆ ಧರ್ಮರಾಯನಿಗೆ ಮೆಲುದನಿ, ಭೀಮನಿಗೆ ಗರ್ಜನೆ ಎಂದು ಹಂಚಿ ಕೈತೊಳೆದುಕೊಳ್ಳುತ್ತಾರೆ. ಬೆಳಗಿನವರೆಗೂ ನಡೆಯುವ ನಾಟಕದಲ್ಲಿ ಒಂದೇ ಸಮನೆ ಗರ್ಜಿಸಿದರೆ ನಡುರಾತ್ರಿಗೇ ಗಂಟಲು ಕಟ್ಟುತ್ತದೆ. ಅದಾದರೂ ಸಹಿಸಬಹುದು, ಇಬ್ಬರೂ ಒಂದೇ ಮನೆಯವರು ಅನ್ನಿಸದೇ ಹೋಗುವುದು ದೊಡ್ಡ ನಷ್ಟ.

ಸಂಧಾನಕ್ಕೆ ಮುಂಚಿನ ಸೀನನ್ನೇ ತೆಗೆದುಕೊಳ್ಳಿ. ಐದು ಊರು ಕೊಟ್ಟರೂ ಸಾಕು ಎಂದು ಧರ್ಮರಾಯ ಹೇಳುವಷ್ಟರಲ್ಲಿ ಭೀಮ ಗದೆ ಎತ್ತಿರುತ್ತಾನೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಭೀಮ ಮೊದಲು ಶಾಂತಿಯ ಮಾತನ್ನೇ ಆಡುತ್ತಾನೆ. ಕೃಷ್ಣ ಕೆಣಕಿದ ಮೇಲೆ ಕೆರಳುವುದು. ಜೂಜಿನ ಸಭೆಯಲ್ಲಿ ಅಣ್ಣನ ಕೈಗಳನ್ನೇ ಸುಡುತ್ತೇನೆ, ಬೆಂಕಿ ತಾ ಎಂದು ಸಹದೇವನಿಗೆ ಹೇಳಿದವನೂ ಇವನೇ. ಅಣ್ಣನ ಮಾತು ಮೀರಲಾರ, ಮನಸ್ಸಿನಿಂದ ಒಪ್ಪಲೂ ಆರ. ಪಾತ್ರದ ತೂಕವೆಲ್ಲ ಆ ಇಕ್ಕಟ್ಟಿನಲ್ಲಿದೆ.

ಅದನ್ನು ತೋರಿಸಬೇಕಾದ್ದು ಮಾತಿಲ್ಲದ ಹೊತ್ತಿನಲ್ಲಿ. ಧರ್ಮರಾಯ ಮಾತಾಡುತ್ತಿರುವಾಗ ಭೀಮನ ಕಣ್ಣು ಜನರ ಮೇಲಲ್ಲ, ಅಣ್ಣನ ಮೇಲಿರಲಿ. ‘ಐದು ಊರು’ ಎಂದು ಕಿವಿಗೆ ಬಿದ್ದಾಗ ಗದೆಯ ಹಿಡಿ ಬಿಗಿಯಾಗಲಿ, ಕಾಲು ಕದಲುವುದು ಬೇಡ. ಅಣ್ಣನ ಮಾತು ನಿಂತ ಮೇಲೆ ಮನಸ್ಸಿನಲ್ಲೇ ಎರಡು ಎಣಿಸಿ, ಆಮೇಲೆ ಬಾಯಿ ಬಿಡಲಿ. ಇಲ್ಲಿ ಕೆಡುವುದು ಹಾರ್ಮೋನಿಯಂನಿಂದ. ಮಾತು ನಿಂತಿತೆಂದು ಮೇಷ್ಟ್ರು ಪದ್ಯದ ಶ್ರುತಿ ಹಿಡಿದುಬಿಡುತ್ತಾರೆ, ತಬಲವೂ ಹಿಂದೆ ಬರುತ್ತದೆ. ಆ ಜಾಗದಲ್ಲಿ ಬರಿದೇ ಬಿಡಬೇಕೆಂದು ತಾಲೀಮಿನಲ್ಲೇ ಗುರುತು ಹಾಕಿಕೊಳ್ಳಬೇಕು. ಧರ್ಮರಾಯನೂ ಬೊಂಬೆಯಂತೆ ನಿಲ್ಲುವುದಲ್ಲ. ತಮ್ಮ ಕೂಗಾಡುವಾಗ ತಲೆ ತಗ್ಗಿಸಿ ಕೇಳಿಸಿಕೊಂಡರೆ ಜೂಜಿನ ತಪ್ಪು ಅವನಿಗೂ ನೆನಪಿದೆ ಎಂದು ಗೊತ್ತಾಗುತ್ತದೆ.

ಮೈಕಿನ ವಿಷಯ. ಮೇಲಿಂದ ಇಳಿಬಿಟ್ಟ ಮೈಕಿನ ನೇರ ಕೆಳಗೆ ಭೀಮ ನಿಂತರೆ ದನಿ ಒಡೆಯುತ್ತದೆ. ಆಪರೇಟರು ವಾಲ್ಯೂಮ್ ಇಳಿಸುತ್ತಾರೆ. ಮುಂದಿನ ಧರ್ಮರಾಯನ ಮಾತು ಯಾರಿಗೂ ಕೇಳಿಸದು. ಧರ್ಮರಾಯನನ್ನು ಮೈಕಿನ ಹತ್ತಿರ ನಿಲ್ಲಿಸಿ, ಭೀಮನನ್ನು ಎರಡು ಹೆಜ್ಜೆ ಹಿಂದೆ, ಪಕ್ಕಕ್ಕೆ ಇಡಿ. ತಮ್ಮ ಅಣ್ಣನ ಹಿಂದೆ ನಿಂತದ್ದೂ ಆಯಿತು. ಪದ್ಯಕ್ಕೆ ಒಬ್ಬನಿಗೆ ಮೋಹನ ರಾಗ, ಇನ್ನೊಬ್ಬನಿಗೆ ಅಠಾಣ ರಾಗ ಹಿಡಿದರೆ ಬೇರೆತನ ತಾನಾಗಿ ಬರುತ್ತದೆ. ಮೀಸೆ, ಗದೆ ಎರಡೂ ದುರ್ಯೋಧನನಿಗೂ ಇರುವುದರಿಂದ ಭೀಮನ ಡ್ರೆಸ್ಸಿನ ಬಣ್ಣ ಬೇರೆಯೇ ಇರಲೆಂದು ಡ್ರೆಸ್ಸಿನವರಿಗೆ ಮುಂಚೆಯೇ ಹೇಳಿ.

ಇನ್ನು ಕರ್ಣ. ಶಾಂತಿಪರ್ವದ ಆರಂಭದಲ್ಲಿ ಧರ್ಮರಾಯ ಒಂದು ಮಾತು ಹೇಳುತ್ತಾನೆ: ಸಭೆಯಲ್ಲಿ ಕರ್ಣನ ಕಟುನುಡಿಗೆ ಸಿಟ್ಟು ಬಂದರೂ ಅವನ ಪಾದ ನೋಡಿದೊಡನೆ ಅದು ಇಳಿಯಿತು, ಅವು ಕುಂತಿಯ ಪಾದದಂತೆಯೇ ಇದ್ದವು ಎಂದು. ಇದಕ್ಕಿಂತ ಒಳ್ಳೆಯ ನಿರ್ದೇಶನ ಯಾರು ಕೊಟ್ಟಾರು! ಕುಂತಿಗೆ ಒಂದು ನಿಲುವು ಗೊತ್ತುಮಾಡಿ. ಬಲಪಾದ ಅರ್ಧ ಅಡಿ ಮುಂದೆ, ಭಾರ ಹಿಂದಿನ ಹಿಮ್ಮಡಿಯ ಮೇಲೆ. ಧರ್ಮರಾಯ, ಭೀಮ, ಅರ್ಜುನ, ಕರ್ಣ ನಾಲ್ವರೂ ನಿಂತಾಗ ಅದೇ ನಿಲುವು. ನಕುಲ ಸಹದೇವರಿಗೆ ಬೇಡ, ಅವರು ಮಾದ್ರಿಯ ಮಕ್ಕಳು. ಸ್ಟೇಜು ಎತ್ತರದಲ್ಲಿರುವುದರಿಂದ ಮುಂದೆ ಚಾಪೆ ಹಾಸಿ ಕೂತವರ ಕಣ್ಣಿಗೆ ಪಾದಗಳೇ ಹತ್ತಿರ. ಕರ್ಣ–ಕುಂತಿಯ ಸೀನಿನಲ್ಲಿ ತಾಯಿ ಮಗ ಎದುರುಬದುರಾದಾಗ, ಗುಟ್ಟು ಒಡೆಯುವ ಮೊದಲೇ ಹೋಲಿಕೆ ಕಾಣಬೇಕು. ಅತಿಮಾಡಿ ಕಾಲು ಚಾಚಿದರೆ ನೃತ್ಯದ ಭಂಗಿಯಾಗಿ ಕೆಡುತ್ತದೆ. ಮಾತಿಲ್ಲದೆ ನಿಂತಾಗ ಮಾತ್ರ ಸಾಕು.

ಪಾರ್ಟು ಕೇಳುವವರು ಹೆಚ್ಚಾದ ಕಡೆ ಒಂದನೇ ಭೀಮ, ಎರಡನೇ ಭೀಮ ಎಂದು ಹಂಚುತ್ತಾರಲ್ಲ, ಅಲ್ಲಿ ಇವೆಲ್ಲ ಅರ್ಧಕ್ಕೆ ತಪ್ಪಿಹೋಗುತ್ತವೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮೂರು ವಿಷಯ ಒಪ್ಪಿಸಿ: ಗದೆ ಯಾವ ಕೈಯಲ್ಲಿ, ಅಣ್ಣನಿಗೆ ಉತ್ತರಿಸುವ ಮೊದಲಿನ ತಡ ಎಷ್ಟು, ನಿಲುವು ಹೇಗೆ. ಒಂದನೇ ಭೀಮ ಬಣ್ಣ ಅಳಿಸಲು ಹೋಗುವ ಮೊದಲು ಎರಡನೆಯವನು ಸೈಡ್‌ವಿಂಗಿನಲ್ಲಿ ನಿಂತು ಕಡೆಯ ಸೀನಾದರೂ ನೋಡಿರಬೇಕು.