ಗೇನ್ ಮುಟ್ಟುವ ಮೊದಲು ಖಾಲಿ ಬ್ಯಾಂಡ್ ನೋಡಿ

ಡಿಪಾರ್ಟ್‌ಮೆಂಟ್ ರಿಪೋರ್ಟಿಗೆ ನಮ್ಮಿಂದ ಕೇಳಿದ್ದು ಒಂದೇ ಸಾಲು: 2024 ಮೇ 10, ಎಕ್ಸ್3.9 ಫ್ಲೇರ್ (ಸೂರ್ಯನ ಮೇಲಿನ ಸ್ಫೋಟ), ದಾಖಲಾಗಿದೆ. ರಾ ಫೈಲ್ ಜಾಗ ತಿನ್ನುತ್ತದೆ, ಒಂದು ನಿಮಿಷದ ಸರಾಸರಿ ಇಟ್ಟು ಉಳಿದದ್ದು ಅಳಿಸಿ ಅಂತಲೂ ಹೇಳಿದರು. ನಾನು ಒಪ್ಪಲಿಲ್ಲ. ಆ ಜಗಳ ಇನ್ನೂ ಮುಗಿದಿಲ್ಲ.

ಕಾಸರಗೋಡಿನ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ನನ್ನ ಕೆಲಸ. ಟೆರೇಸಿನ ಮೂಲೆಯಲ್ಲಿ ಮರದ ಚೌಕಟ್ಟಿಗೆ ತಂತಿ ಸುತ್ತಿದ ಲೂಪ್ ಆಂಟೆನಾ ಇದೆ. ಅದರ ಬುಡದಲ್ಲಿ ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್, ಕೆಳಗಿನ ಕೋಣೆಯಲ್ಲಿ ಹಳೇ ಪಿಸಿ. ತಿರುನೆಲ್ವೇಲಿ ಕಡೆಯ ವಿಜಯನಾರಾಯಣಂನಿಂದ ಬರುವ ವಿಟಿಎಕ್ಸ್ ರೇಡಿಯೋ ಸ್ಟೇಷನ್ನಿನ ಸಿಗ್ನಲ್ 18.2 ಕಿಲೋಹರ್ಟ್ಸ್, ಆಸ್ಟ್ರೇಲಿಯಾದ ಎನ್‌ಡಬ್ಲ್ಯುಸಿ ಸ್ಟೇಷನ್ನಿನದು 19.8. ಎರಡನ್ನೂ ಹಗಲೂ ರಾತ್ರಿ ಲಾಗ್ ಮಾಡುತ್ತೇವೆ.

ಅವತ್ತು ಶುಕ್ರವಾರ. ರಜೆಯಾದರೂ ವ್ಯಾಲ್ಯುಯೇಷನ್ ನಡೆಯುತ್ತಿತ್ತು. ಜುಮಾಕ್ಕೆ ಹೋಗುವವರು ಹೊರಟಿದ್ದರು. ಹನ್ನೆರಡು ಗಂಟೆ ಸುಮಾರಿಗೆ ವಿಟಿಎಕ್ಸ್ ಗೆರೆ ಮೇಲಕ್ಕೆ ಹೋಗತೊಡಗಿತು. ಫ್ಲೇರಿನ ಎಕ್ಸ್‌ರೇ ವಾತಾವರಣದ ಮೇಲ್ಭಾಗದ ವಿದ್ಯುತ್ಕಣಗಳ ಡಿ ಪದರವನ್ನು ಬದಲಿಸಿದಾಗ ಈ ಸಿಗ್ನಲ್ ಅಲುಗುತ್ತದೆ, ಅದಕ್ಕೆ ಸಿಡ್ ಅನ್ನುತ್ತಾರೆ. ಸಿಡ್ ಅಂದರೆ ಸಟ್ಟನೆ ಏರಬೇಕು ಅನ್ನುವುದು ನನ್ನ ತಲೆಯಲ್ಲಿ ಕೂತಿತ್ತು. ಇದು ನಿಧಾನವಾಗಿ, ಒಂದೇ ಸಮನೆ ಏರುತ್ತಿತ್ತು. ಮೇಲೆ ಹೋಗಿ ಪ್ರೀಆಂಪ್ ಡಬ್ಬಿ ಮುಟ್ಟಿದೆ. ಮೇ ಬಿಸಿಲಿಗೆ ಕೈ ಇಡಲಾಗದಷ್ಟು ಸುಡುತ್ತಿತ್ತು. ಮತ್ತೇನು ಬೇಕು? ಬಿಸಿಗೆ ಆಂಪಿನ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಜಾರಿದೆ ಅಂತಲೇ ನಂಬಿದೆ.

ಕೆಳಗೆ ಬಂದಾಗ ಗೆರೆ ಇನ್ನೂ ಮೇಲಿತ್ತು. ಅಟೆಂಡರ್ ಅಣ್ಣ ಬಾಗಿಲಲ್ಲಿ ನಿಂತು, "ಆಫ್ ಮಾಡಿ ಸ್ವಲ್ಪ ತಣಿಯಲಿ ಬಿಡುವಾ ಸಾರ್?" ಅಂದರು. ನನ್ನ ಕೈ ಗೇನ್ ನಾಬ್ ಮೇಲಿತ್ತು. ತಿರುಗಿಸುವ ಮೊದಲು 17 ಕಿಲೋಹರ್ಟ್ಸ್ ಹತ್ತಿರದ, ಯಾವ ಸ್ಟೇಷನ್ನೂ ಇಲ್ಲದ ಖಾಲಿ ಬ್ಯಾಂಡ್ ಮೇಲೆ ಕಣ್ಣು ಹೋಯಿತು. ಅಲ್ಲಿನ ನಾಯ್ಸ್ ಬೆಳಿಗ್ಗೆ ಇದ್ದ ಹಾಗೇ ಚಪ್ಪಟೆ. ಆಂಪ್ ಬಿಸಿಯಾಗಿ ಗೇನ್ ಏರಿದ್ದರೆ ಅದೂ ಏರಬೇಕಿತ್ತು, ಅಲ್ವಾ? ಎನ್‌ಡಬ್ಲ್ಯುಸಿ ತೆರೆದೆ. ಅದೂ ಅಲುಗಿತ್ತು, ಆದರೆ ಬೇರೆಯೇ ಅಳತೆಯಲ್ಲಿ. "ಬೇಡ ಅಣ್ಣ, ಯಾವುದನ್ನೂ ಮುಟ್ಟಬೇಡಿ" ಅಂದೆ. ಅದು ಫ್ಲೇರೇ ಆಗಿತ್ತು, ಅದರ ಎಕ್ಸ್‌ರೇ ತುದಿ ಮುಟ್ಟಿದ್ದು ನಮ್ಮ ಸಮಯ 12:24ಕ್ಕೆ. ನಮ್ಮ ಗೆರೆ ಇನ್ನೂ ಸ್ವಲ್ಪ ಹೊತ್ತು ಏರಿ ಆಮೇಲೆ ಬಾಗಿತು. ಡಿ ಪದರ ತಡವಾಗಿಯೇ ಪ್ರತಿಕ್ರಿಯಿಸುತ್ತದೆ.

ಈಗ ಎಕ್ಸ್3.9ರ ವಿಷಯ. ಅದು ಅಮೆರಿಕದ ಗೋಸ್ ಉಪಗ್ರಹ 1ರಿಂದ 8 ಆಂಗ್‌ಸ್ಟ್ರಾಮ್‌ನಲ್ಲಿ ಅಳೆದ ಸಾಫ್ಟ್ ಎಕ್ಸ್‌ರೇಯ ತುದಿ, ಚದರ ಮೀಟರಿಗೆ 0.00039 ವ್ಯಾಟ್. ಅಂದರೆ ಬಿಸಿ ಅನಿಲದ ಲೆಕ್ಕ. ನಿಜವಾದ ಕೆಲಸ ಅದಕ್ಕೂ ಮೊದಲೇ ನಡೆದಿರುತ್ತದೆ. ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಕಾಂತಕ್ಷೇತ್ರದ ರೇಖೆಗಳು ತುಂಡಾಗಿ ಮತ್ತೆ ಕೂಡುವಾಗ ಎಲೆಕ್ಟ್ರಾನುಗಳು ಕೆಲವೇ ಸೆಕೆಂಡಿನಲ್ಲಿ ಹತ್ತಾರು, ನೂರಾರು ಕೆಇವಿ (ಕಣದ ಶಕ್ತಿಯ ಅಳತೆ) ಶಕ್ತಿಗೆ ಏರುತ್ತವೆ. ಕಾಂತಕ್ಷೇತ್ರದ ಕಮಾನಿನ ಕಾಲುಗಳಲ್ಲಿ ಇಳಿದು ಕೆಳಗಿನ ದಟ್ಟವಾದ ಪದರ ಕ್ರೋಮೋಸ್ಫಿಯರ್‌ಗೆ ಬಡಿಯುತ್ತವೆ. ಆ ಹೊಡೆತದಲ್ಲಿ ಬರುವುದೇ ಹಾರ್ಡ್ ಎಕ್ಸ್‌ರೇ. ಹೊಡೆತ ತಿಂದ ಅನಿಲ ಕೋಟಿ ಡಿಗ್ರಿ ಮೀರಿ ಕಾದು, ಮೇಲೆದ್ದು ಆ ಕಮಾನನ್ನು ತುಂಬುತ್ತದೆ. ಆಮೇಲೆ ಸಾಫ್ಟ್ ಎಕ್ಸ್‌ರೇ ಹೊಳೆಯುತ್ತದೆ. ಸಾಫ್ಟ್ ಎಕ್ಸ್‌ರೇ ತೋಟದ ಟಾಂಕಿಯ ನೀರಿನ ಮಟ್ಟ, ಹಾರ್ಡ್ ಎಕ್ಸ್‌ರೇ ಅದಕ್ಕೆ ಬೀಳುವ ಪೈಪಿನ ನೀರು. ಮಟ್ಟ ಎಷ್ಟು ಬೇಗ ಏರುತ್ತಿದೆ ಅಂತ ನೋಡಿದರೆ ಪೈಪಿನ ರಭಸ ಗೊತ್ತಾಗುತ್ತದೆ. ವಿಜ್ಞಾನಿ ನ್ಯೂಪರ್ಟ್ 1968ರಲ್ಲಿ ಗುರುತಿಸಿದ್ದು ಇದೇ ಸಂಬಂಧ. ಮಕ್ಕಳಿಗೆ ಗೋಸ್ ಗೆರೆಯ ಇಳಿಜಾರು ತೆಗೆಸಿ ತೋರಿಸಿದಾಗ ಒಂದು ತರಗತಿಯೇ ಎದ್ದು ಸ್ಕ್ರೀನ್ ಹತ್ತಿರ ಬಂದಿತ್ತು.

ದೊಡ್ಡ ಫ್ಲೇರಿನಲ್ಲಿ ಸೆಕೆಂಡಿಗೆ 10ರ 36ನೇ ಘಾತದಷ್ಟು ಎಲೆಕ್ಟ್ರಾನು ಬೇಕಾಗುತ್ತದೆ. ಅಷ್ಟೊಂದು ಅಷ್ಟು ಬೇಗ ಹೇಗೆ ವೇಗ ಪಡೆಯುತ್ತವೆ ಅನ್ನುವುದಕ್ಕೆ ವಿಜ್ಞಾನಿಗಳ ಹತ್ತಿರ ಪೂರ್ತಿ ಉತ್ತರ ಇನ್ನೂ ಇಲ್ಲ. ನನಗೆ ಈ ಕೆಲಸ ಬಿಡಲಾಗದಿರುವುದಕ್ಕೆ ಅದೂ ಒಂದು ಕಾರಣ. ಈಗ ಇಸ್ರೋದ ಆದಿತ್ಯ-ಎಲ್1 ನೌಕೆಯ ಹೀಲಿಯೋಸ್ 8ರಿಂದ 150 ಕೆಇವಿ ತನಕದ ಹಾರ್ಡ್ ಎಕ್ಸ್‌ರೇ ನೋಡುತ್ತಿದೆ, ಅದು ನಮ್ಮದೇ ಉಪಕರಣ ಅನ್ನುವುದು ದೊಡ್ಡ ಖುಷಿ.

ಅವತ್ತು ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಧ್ರುವಪ್ರಭೆಯಿಂದ ಕೆಂಪಾಯಿತು. ಮರುದಿನ ಫೋನ್ ಮೇಲೆ ಫೋನ್, "ನಿಮ್ಮ ಫ್ಲೇರಿಂದಲೇ ಅಂತೆ ಹೌದಾ?" ಅಲ್ಲ. ಭೂಮಿಯ ಕಾಂತಕ್ಷೇತ್ರದ ಆ ಬಿರುಗಾಳಿ ತಂದದ್ದು ಅದಕ್ಕೂ ಮೊದಲೇ ಸೂರ್ಯನಿಂದ ಹೊರಟಿದ್ದ ಸಿಎಂಇಗಳು, ಅಂದರೆ ಸೂರ್ಯ ಹೊರಚೆಲ್ಲಿದ ಅನಿಲದ ಮೋಡಗಳು. ಮೇ 11ರ ಬೆಳಿಗ್ಗೆ 6:53ಕ್ಕೆ ಎಕ್ಸ್5.8 ಬಂತು. ಅದರ ಹಿಂದೆಯೇ ನೆಲದ ಮೇಲಿನ ನ್ಯೂಟ್ರಾನ್ ಮಾನಿಟರ್‌ಗಳೂ ಏರಿಕೆ ಕಂಡವು. ಅಷ್ಟು ಶಕ್ತಿಯ ಪ್ರೋಟಾನುಗಳು ಭೂಮಿ ತನಕ ಬಂದಿದ್ದವು. ಹಿಂದಿನ ಮಧ್ಯಾಹ್ನದ ಎಕ್ಸ್3.9ರ ಬೆನ್ನಿಗೆ ಹಾಗಾಗಲಿಲ್ಲ. ಎಕ್ಸ್ ಪಕ್ಕದ ಅಂಕಿ ಕಣಗಳ ಲೆಕ್ಕ ಕೊಡುವುದಿಲ್ಲ. ರಿಪೋರ್ಟಿನ ಒಂದು ಸಾಲಿಗೆ ನನ್ನ ತಕರಾರು ಇದೇ.

ನಮ್ಮ ಲೂಪಿಗೆ ಹಾರ್ಡ್ ಎಕ್ಸ್‌ರೇಯ ಒಂದೊಂದು ಹೊಡೆತ ಕಾಣುವುದಿಲ್ಲ, ಅದು ಗೊತ್ತು. ಆದರೆ ಎಕ್ಸ್‌ರೇ ತುದಿಗೂ ನಮ್ಮ ತುದಿಗೂ ಇರುವ ಅಂತರ ಕೆಲವು ನಿಮಿಷ ಮಾತ್ರ. ಡಿ ಪದರದಲ್ಲಿ ಎಲೆಕ್ಟ್ರಾನು ಎಷ್ಟು ಬೇಗ ಕಳೆದುಹೋಗುತ್ತದೆ ಅನ್ನುವುದು ಅದರಲ್ಲೇ ಇದೆ. ನಿಮಿಷದ ಸರಾಸರಿ ಮಾಡಿದರೆ ಆ ಅಂತರವನ್ನೇ ಮಸುಕು ಮಾಡಿದ ಹಾಗೆ.

ಈಗ ಖಾಲಿ ಬ್ಯಾಂಡಿಗೂ ಒಂದು ಲಾಗ್ ಇಟ್ಟಿದ್ದೇವೆ. ರಜೆಯಲ್ಲಿ ನೆಟ್ ಇಲ್ಲದೆ ಪಿಸಿ ಗಡಿಯಾರ ಜಾರುತ್ತದೆ, ಅದಕ್ಕೆ ಜಿಪಿಎಸ್ ಮಾಡ್ಯೂಲ್ ಕೇಳಿದೆ. ಮಂಜೂರಾಗಲಿಲ್ಲ, ನಾನೇ ತಂದು ಹಾಕಿದೆ. ದಕ್ಷಿಣ ಕನ್ನಡದಲ್ಲೋ ಕೊಡಗಲ್ಲೋ ವಿಟಿಎಕ್ಸ್ ಹಿಡಿಯುವವರಿದ್ದರೆ, ಆ ಮೇ 10ರ ಮಧ್ಯಾಹ್ನ 11:50ರಿಂದ 1:30ರ ತನಕದ ರಾ ಫೈಲ್ ದಯವಿಟ್ಟು ಅಳಿಸಬೇಡಿ. ನಮ್ಮದರ ಜೊತೆ ಇಟ್ಟು ನೋಡಬೇಕು.